ಬೆಂಗಳೂರು–ಟೋಕಿಯೋ: ಹೋಗೋಕೆ ಹನ್ನೆರಡು ಗಂಟೆ, ಬರೋಕೆ ಆರೇ ಗಂಟೆ?

ನಿಶಿಕಸಾಯಿ_ಮೈಸೂರು · ಜನವರಿ 18, ಸಂಜೆ 7.12

ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಸದ್ಯ ಟೋಕಿಯೋದ ನಿಶಿಕಸಾಯಿಯಲ್ಲಿ ವಾಸ. ಏಪ್ರಿಲ್ ಮೊದಲ ವಾರ ಅಮ್ಮ ಒಬ್ಬರೇ ಇಲ್ಲಿಗೆ ಬರ್ತಿದ್ದಾರೆ. 68 ವರ್ಷ, ಮಂಡಿ ನೋವು, ವಿಮಾನ ಹತ್ತಿದ್ದು ಒಂದೇ ಸಲ, ಅದೂ ತಿರುಪತಿಗೆ. ನೇರ ವಿಮಾನದ ಟಿಕೆಟ್ ತೆಗೆದು ಅಣ್ಣನಿಗೆ ಕಳಿಸಿದೆ. ಅಲ್ಲಿಂದ ಶುರುವಾಯ್ತು ನೋಡಿ ಮನೆಯಲ್ಲಿ ಪಂಚಾಯಿತಿ.

ಟಿಕೆಟ್ಟಿನಲ್ಲಿ ಇರೋದು ಇಷ್ಟು: ಬೆಂಗಳೂರು ಬಿಡೋದು ಬೆಳಗಿನ ಜಾವ 2.00, ಟೋಕಿಯೋದ ನರಿಟಾ ಏರ್‌ಪೋರ್ಟ್ ಸೇರೋದು ಅದೇ ದಿನ ಮಧ್ಯಾಹ್ನ 1.40. ವಾಪಸ್ ಜುಲೈನಲ್ಲಿ ನರಿಟಾದಿಂದ ಸಂಜೆ 6.20ಕ್ಕೆ ಹೊರಟು ಬೆಂಗಳೂರಿಗೆ ರಾತ್ರಿ 12.40ಕ್ಕೆ.

ಅಮ್ಮ ಬೆರಳಲ್ಲಿ ಎಣಿಸಿ, "ಹೋಗೋಕೆ ಹನ್ನೆರಡು ಗಂಟೆ, ಬರೋಕೆ ಆರೇ ಗಂಟೆ, ಅದೇನೇ ಹಾಗೆ? ಹೋಗೋ ವಿಮಾನ ಹಳೇದಾ?" ಅಂದರು. ಅಣ್ಣ ಅದಕ್ಕೆ ವಿಜ್ಞಾನದ ಬಣ್ಣ ಹಚ್ಚಿದ್ದಾನೆ. ಭೂಮಿ ಪೂರ್ವಕ್ಕೆ ತಿರುಗುತ್ತೆ, ಹೋಗುವಾಗ ಟೋಕಿಯೋ ಮುಂದೆ ಮುಂದೆ ಓಡುತ್ತೆ, ಬರುವಾಗ ಬೆಂಗಳೂರೇ ಎದುರಿಗೆ ಬರುತ್ತೆ ಅಂತೆ. ಮನೆ ಹತ್ತಿರದ ಟ್ರಾವೆಲ್ಸ್‌ನವರೂ "ಹೌದು ಮೇಡಂ, ಹನ್ನೆರಡು ಗಂಟೆ" ಅಂದುಬಿಟ್ಟಿದ್ದಾರೆ. ಈಗ ಅಮ್ಮ ಅಷ್ಟು ಹೊತ್ತು ಕೂರಕ್ಕಾಗಲ್ಲ, ಬರೋದೇ ಬೇಡ ಅಂತ ಕೂತಿದ್ದಾರೆ. ಸರಿಯಾದ ಲೆಕ್ಕ ಯಾರಾದರೂ ಬರೆದು ಕೊಡಿ, ಹಾಗೇ ಅಣ್ಣನಿಗೆ ಫಾರ್ವರ್ಡ್ ಮಾಡ್ತೀನಿ.

---

ಲೆಕ್ಕದ_ಮೇಷ್ಟ್ರು · ಜನವರಿ 18, ರಾತ್ರಿ 8.05

ತಂಗೀ, ನಿಮ್ಮಮ್ಮನ ಎಣಿಕೆ ತಪ್ಪಲ್ಲ. ಆದರೆ ಅವರು ಎಣಿಸಿದ್ದು ಎರಡು ಊರಿನ ಎರಡು ಗಡಿಯಾರ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಮುಟ್ಟುವ ಹೊತ್ತು ಮುಟ್ಟುವ ಊರಿನದು.

ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ನಮ್ಮ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದಾರೆ, ಅವರದನ್ನು 135 ಡಿಗ್ರಿಗೆ. ಅವರ ಆ ಗೆರೆ ಆಕಾಶಿ ಎಂಬ ಊರಿನ ಮೇಲೆ ಹಾದುಹೋಗುತ್ತದೆ. 135ರಲ್ಲಿ 82.5 ಕಳೆದರೆ 52.5. ಗಂಟೆಗೆ 15 ಡಿಗ್ರಿಯಂತೆ ಭಾಗಿಸಿ, ಸರಿಯಾಗಿ 3.5 ಬರುತ್ತದೆ. ಏಳನೇ ಕ್ಲಾಸಿನ ಪಾಠ ಇದು, ಎಲ್ಲರೂ ಮರೆಯೋದೂ ಇದನ್ನೇ.

ಈಗ ಹೋಗುವಾಗ: 2.00ರಿಂದ 1.40ಕ್ಕೆ ಗಡಿಯಾರದಲ್ಲಿ 11 ಗಂಟೆ 40 ನಿಮಿಷ. ಮೂರೂವರೆ ಕಳೆಯಿರಿ, 8 ಗಂಟೆ 10 ನಿಮಿಷ.
ಬರುವಾಗ: 6.20ರಿಂದ 12.40ಕ್ಕೆ 6 ಗಂಟೆ 20 ನಿಮಿಷ. ಮೂರೂವರೆ ಕೂಡಿಸಿ, 9 ಗಂಟೆ 50 ನಿಮಿಷ.

ಅಂದರೆ ನಿಜ ಸಂಗತಿ ತಿರುಗುಮುರುಗು. ಹೋಗೋದೇ ಬೇಗ, ಬರೋದೇ ನಿಧಾನ. ನಿಮ್ಮಣ್ಣ ಆಗದೇ ಇರುವ ಸಂಗತಿಗೆ ಕಾರಣ ಹುಡುಕಿಟ್ಟಿದ್ದಾರೆ.

---

ಹುಬ್ಬಳ್ಳಿ_ಮಂದಿ · ಜನವರಿ 18, ರಾತ್ರಿ 8.31

ಮೇಷ್ಟ್ರ, ಅಣ್ಣಾರ ಮ್ಯಾಲೆ ಒಮ್ಮೆಲೆ ಬೀಳಬ್ಯಾಡ್ರಿ. ನಾನೂ ಹಂಗ ತಿಳ್ಕೊಂಡಿದ್ದೆ. ಭೂಮಿ ತಿರುಗತೈತಿ ಅಂದ್ರ ಅದರ ಲೆಕ್ಕ ಎಲ್ಲಿ ಹೋತು? ಅದೂ ಹೇಳ್ರಿ.

---

ಲೆಕ್ಕದ_ಮೇಷ್ಟ್ರು · ಜನವರಿ 18, ರಾತ್ರಿ 8.50

ಹೇಳ್ತೀನಿ. ಹುಬ್ಬಳ್ಳಿ–ಧಾರವಾಡ ಬಸ್ಸಿನಲ್ಲಿ ಒಂದು ನೊಣ ಹಿಂದಿನ ಸೀಟಿನಿಂದ ಡ್ರೈವರ್ ಕಡೆ ಹಾರುತ್ತೆ ಅಂತಿಟ್ಟುಕೊಳ್ಳಿ. ಬಸ್ಸು ಅರವತ್ತರಲ್ಲಿ ಓಡ್ತಿದೆ ಅಂತ ನೊಣ ಅರವತ್ತಕ್ಕಿಂತ ಜೋರಾಗಿ ಹಾರಬೇಕಾ? ಬೇಡ. ಬಸ್ಸಿನ ಒಳಗಿನ ಗಾಳಿಯೂ ಬಸ್ಸಿನ ಜೊತೆಗೇ ಓಡ್ತಿದೆ, ನೊಣವೂ ಓಡ್ತಿದೆ.

ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,620 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ದೇವನಹಳ್ಳಿಯಲ್ಲಿ ನಿಂತ ವಿಮಾನಕ್ಕೂ ಅದೇ ವೇಗ, ಮೇಲಿನ ಗಾಳಿಗೂ ಹೆಚ್ಚುಕಡಿಮೆ ಅದೇ. ವಿಮಾನದ ಸ್ವಂತ ವೇಗ 900ರ ಆಸುಪಾಸು. ಗಾಳಿ ಭೂಮಿಯ ಜೊತೆ ತಿರುಗದೆ ಸುಮ್ಮನೆ ನಿಂತಿದ್ದರೆ ಪೂರ್ವಕ್ಕೆ ಹೊರಟ ವಿಮಾನ ಟೋಕಿಯೋ ಇರಲಿ, ಕೋಲಾರವನ್ನೂ ಮುಟ್ಟುತ್ತಿರಲಿಲ್ಲ.

---

ಮುಗಿಲು_ನೋಡುವವ · ಜನವರಿ 18, ರಾತ್ರಿ 10.20

ಮೇಷ್ಟ್ರು ಹೇಳಿದ್ದು ಸರಿ. ಹಾಗಾದರೆ ಒಂದು ಗಂಟೆ ನಲವತ್ತು ನಿಮಿಷದ ವ್ಯತ್ಯಾಸ ಎಲ್ಲಿಂದ ಬಂತು? ಎರಡೂ ಕಡೆ ಅದೇ ದೂರ ತಾನೇ.

ಗಾಳಿ. ಜಪಾನಿನ ನೆತ್ತಿಯ ಮೇಲೆ, 9ರಿಂದ 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತದೆ. ಇಂಗ್ಲಿಷಿನವರು ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಅಲ್ಲಿ ಮಾಮೂಲು, ಕೆಲವೊಮ್ಮೆ 300ನ್ನೂ ದಾಟುತ್ತದೆ. ವಿಮಾನಗಳು ಹಾರುವುದೂ ಅದೇ ಎತ್ತರದಲ್ಲಿ. ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ.

ಅಣ್ಣನವರ ಮಾತಿನಲ್ಲಿ ಒಂದೆಳೆ ನಿಜ ಇದೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಸಮಭಾಜಕದ ಕಡೆಯ ಬಿಸಿ ಗಾಳಿ ಮೇಲೆದ್ದು ಉತ್ತರಕ್ಕೆ ಸಾಗುತ್ತದೆ. ಅಲ್ಲಿನ ನೆಲ ಹೆಚ್ಚು ವೇಗವಾಗಿ ತಿರುಗುತ್ತದಲ್ಲ, ಆ ವೇಗವನ್ನು ಗಾಳಿ ಜೊತೆಗೇ ಒಯ್ಯುತ್ತದೆ. ಉತ್ತರದಲ್ಲಿ ನೆಲ ನಿಧಾನ, ಗಾಳಿ ಮುಂದೆ ಓಡುತ್ತದೆ. ಹೀಗೆ ಪೂರ್ವಕ್ಕೆ ಬೀಸುವ ಗಾಳಿ ಹುಟ್ಟುತ್ತದೆ. ಭೂಮಿ ತಿರುಗುವುದರಿಂದ ಟೋಕಿಯೋ ವಿಮಾನಕ್ಕೆ ಲಾಭವೇ ಹೊರತು ನಷ್ಟವಲ್ಲ.

---

ಕುಡ್ಲದ_ಕಡಲು · ಜನವರಿ 19, ಬೆಳಿಗ್ಗೆ 6.44

ಹೋಗುವಾಗ ಲಾಭ, ಬರುವಾಗ ನಷ್ಟ. ಕೊನೆಗೆ ಎರಡೂ ಸಮ ಆಯ್ತಲ್ಲ ಮಾರಾಯ್ರೆ?

---

ಲೆಕ್ಕದ_ಮೇಷ್ಟ್ರು · ಜನವರಿ 19, ಬೆಳಿಗ್ಗೆ 7.30

ಆಗಲ್ಲ! ಮೂವತ್ತು ವರ್ಷ ಈ ಲೆಕ್ಕ ಕೊಟ್ಟು ಮಕ್ಕಳ ಕೈಲಿ ಬೈಸಿಕೊಂಡಿದ್ದೀನಿ. ಹೊಳೆಯಲ್ಲಿ ದೋಣಿ ಹೋಗಿ ಬರುವ ಲೆಕ್ಕ ನೆನಪಿದೆಯಾ?

ದೂರ 6,700 ಕಿ.ಮೀ., ವಿಮಾನದ ವೇಗ 900. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 14 ಗಂಟೆ 53 ನಿಮಿಷ. ದಾರಿಯುದ್ದಕ್ಕೂ 150ರ ಗಾಳಿ ಇದೆ ಅಂತಿಡಿ. ಹೋಗುವಾಗ 1,050, ಅಂದರೆ 6 ಗಂಟೆ 23 ನಿಮಿಷ. ಬರುವಾಗ 750, ಅಂದರೆ 8 ಗಂಟೆ 56 ನಿಮಿಷ. ಕೂಡಿದರೆ 15 ಗಂಟೆ 19 ನಿಮಿಷ. 26 ನಿಮಿಷ ಕೈಬಿಟ್ಟು ಹೋಯಿತು. ಯಾಕೆಂದರೆ ಒಳ್ಳೆ ಗಾಳಿಯಲ್ಲಿ ನಾವು ಇರುವುದು ಸ್ವಲ್ಪ ಹೊತ್ತು, ಕೆಟ್ಟ ಗಾಳಿಯಲ್ಲಿ ಇರುವುದು ಜಾಸ್ತಿ ಹೊತ್ತು.

(ಇದು ಲೆಕ್ಕಕ್ಕಾಗಿ ಹೇಳಿದ್ದು. ನಿಜವಾದ ದಾರಿಯಲ್ಲಿ ಗಾಳಿ ಎಲ್ಲ ಕಡೆ ಒಂದೇ ಸಮ ಇರಲ್ಲ.)

---

ಗೇಟ್_ನಂಬರ್_ಗೊತ್ತಿಲ್ಲ · ಜನವರಿ 19, ಬೆಳಿಗ್ಗೆ 9.15

6,700 ಅಂತ ಎಲ್ಲಿಂದ ತಂದ್ರಿ? ನನ್ನ ಮೈಲೇಜ್ ಆ್ಯಪ್ ಒಂದು ಸಂಖ್ಯೆ ಹೇಳುತ್ತೆ, ಸೀಟಿನ ಎದುರಿನ ಪರದೆ ಇನ್ನೊಂದು. ಮತ್ತೆ 8 ಗಂಟೆ 10 ನಿಮಿಷ ಅನ್ನೋದೂ ಸುಳ್ಳು. ನಾನು ಹೋದಾಗ ಆಕಾಶದಲ್ಲಿ ಇದ್ದದ್ದು ಏಳೂವರೆ ಗಂಟೆ.

---

ಲೆಕ್ಕದ_ಮೇಷ್ಟ್ರು · ಜನವರಿ 19, ಬೆಳಿಗ್ಗೆ 10.02

ಸುಳ್ಳಲ್ಲ. ಟಿಕೆಟ್ಟಿನದು ಗೇಟು ಬಿಟ್ಟು ಗೇಟು ಸೇರುವ ಹೊತ್ತು. ರನ್‌ವೇಗೆ ಉರುಳಿಕೊಂಡು ಹೋಗುವುದು, ಸರದಿಯಲ್ಲಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲ ಅದರಲ್ಲೇ ಬಂತು. ಚಕ್ರ ನೆಲ ಬಿಟ್ಟು ನೆಲ ಮುಟ್ಟುವ ಹೊತ್ತು ಅರ್ಧ ಗಂಟೆಯಾದರೂ ಕಮ್ಮಿ.

ದೂರದ ಮಾತಿಗೆ ಒಂದು ಕೆಲಸ ಮಾಡಿ. ಮಕ್ಕಳ ಗ್ಲೋಬ್ ತಗೊಳ್ಳಿ, ಹೊಲಿಗೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ತುದಿಯನ್ನು ಟೋಕಿಯೋದ ಕಡೆ ಬಿಗಿಯಾಗಿ ಎಳೆಯಿರಿ. ದಾರ ತಾನೇ ಜಾರಿ ಒಂದು ಕಡೆ ನಿಲ್ಲುತ್ತೆ. ಆ ಗೆರೆಯೇ ಅತಿ ಕಡಿಮೆ ದೂರ, ಸುಮಾರು 6,700 ಕಿ.ಮೀ. ಮೊಮ್ಮಗಳ ಗ್ಲೋಬಿನ ಮೇಲೆ ಈಗ ತಾನೇ ಮಾಡಿ ನೋಡಿದೆ. ದಾರ ನೆಲ್ಲೂರಿನ ಉತ್ತರಕ್ಕೆ ಕಾವಲಿಯ ಹತ್ತಿರ ಕರಾವಳಿ ಬಿಟ್ಟು, ಬಂಗಾಳ ಕೊಲ್ಲಿ ದಾಟಿ, ಬಾಂಗ್ಲಾ–ಮ್ಯಾನ್ಮಾರ್ ಗಡಿ ಮುಟ್ಟಿ, ಚೀನಾದ ಯುನ್ನಾನ್‌ನ ದಾಲಿ ಊರಿನ ಮೇಲೆ ಹಾದು, ಶಾಂಘೈಗೆ ಉತ್ತರದಲ್ಲಿ ಸಮುದ್ರಕ್ಕಿಳಿದು, ಕೊರಿಯಾದ ದಕ್ಷಿಣ ತುದಿ ಸವರಿಕೊಂಡು ಜಪಾನಿಗೆ ಹೋಯಿತು. ಗೋಡೆಯ ಮೇಲಿನ ಚಪ್ಪಟೆ ನಕಾಶೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದರೆ ನಡುದಾರಿಯಲ್ಲಿ ಅದು ಸುಮಾರು 500 ಕಿ.ಮೀ. ದಕ್ಷಿಣಕ್ಕೆ ಬೀಳುತ್ತೆ.

ವಿಮಾನ ದಾರದ ಮೇಲೇ ಹೋಗಲ್ಲ. ಆಕಾಶದಲ್ಲೂ ಗೊತ್ತುಮಾಡಿದ ದಾರಿಗಳಿವೆ, ಪ್ರತಿ ದೇಶದ ಅಪ್ಪಣೆ ಬೇಕು. ಹಾಗಾಗಿ ಹಾರಿದ ದೂರ ಯಾವಾಗಲೂ ದಾರದ ಅಳತೆಗಿಂತ ಜಾಸ್ತಿ. ನಿಮ್ಮ ಆ್ಯಪಿಗೂ ಪರದೆಗೂ ಜಗಳ ಆಗಿರೋದು ಅದಕ್ಕೇ.

---

ಸೈತಾಮ_ಭಟ್ಟ · ಜನವರಿ 19, ಮಧ್ಯಾಹ್ನ 12.40

ಹತ್ತಾರು ಸಲ ಓಡಾಡಿದ ಅನುಭವದಿಂದ ಹೇಳ್ತೇನೆ. ಹೋಗುವಾಗ ಬಂಗಾಳ ಕೊಲ್ಲಿಯ ಮೇಲೆ ಪರದೆಯಲ್ಲಿ ವೇಗ 890, 900 ಅಂತ ಕಾಣ್ತದೆ. ಎಲ್ಲರೂ ಮಲಗಿರ್ತಾರೆ. ಯುನ್ನಾನ್ ದಾಟಿದ ಮೇಲೆ ಒಮ್ಮೆ ಕಣ್ಣು ಬಿಟ್ಟು ನೋಡಿದರೆ 1,080! ಎಂಜಿನ್ ಸದ್ದು ಹಾಗೇ ಇದೆ, ಕಪ್ಪಿನ ಕಾಫಿಯೂ ತುಳುಕುವುದಿಲ್ಲ. ಹೊಳೆ ತಾನಾಗಿ ಹೊತ್ತುಕೊಂಡು ಹೋಗ್ತಾ ಇದೆ.

ಬರುವಾಗ ಅದರ ಉಲ್ಟಾ. ಜನವರಿಯ ಒಂದು ಸಂಜೆ ನರಿಟಾ ಬಿಟ್ಟು ಎರಡು ಗಂಟೆಯಾದರೂ ಜಪಾನ್ ಮುಗಿದಿರಲಿಲ್ಲ. ವೇಗ 700 ಚಿಲ್ಲರೆ. ಇನ್ನೊಂದು ಸಲ ವಿಮಾನ ಕೊರಿಯಾ ಕಡೆ ಹೋಗದೆ ದಕ್ಷಿಣಕ್ಕೆ ಇಳಿದು ತೈವಾನ್ ಪಕ್ಕದಿಂದ ಬಂತು. ದೂರ ಜಾಸ್ತಿಯಾದರೂ ಎದುರುಗಾಳಿ ತಪ್ಪಿಸಿದ್ದು. ಘಾಟಿ ರಸ್ತೆಯಲ್ಲಿ ಲಾರಿ ಸಾಲು ಕಂಡರೆ ನಮ್ಮ ಡ್ರೈವರುಗಳು ಬಳಸುದಾರಿ ಹಿಡಿಯೋದಿಲ್ವಾ, ಹಾಗೆ.

---

ಮುಗಿಲು_ನೋಡುವವ · ಜನವರಿ 19, ರಾತ್ರಿ 9.50

ಗಾಳಿಯ ಹೊಳೆಯ ಮಾತು ಬಂತಲ್ಲ, ಒಂದು ಕಥೆ ಹೇಳದೆ ಇರಲಾರೆ. ಇದು ನನ್ನ ಹುಚ್ಚು, ಸಹಿಸಿಕೊಳ್ಳಿ.

ಈ ಹೊಳೆಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನವರೇ, ವಾಸಾಬುರೋ ಓಯಿಶಿ. ಇವತ್ತಿನ ತ್ಸುಕುಬಾದಲ್ಲಿರುವ ತಾತೆನೋ ವೀಕ್ಷಣಾಲಯದಿಂದ 1920ರ ದಶಕದಲ್ಲಿ ಬಲೂನು ಹಾರಿಸಿ, ದುರ್ಬೀನಿನಲ್ಲಿ ಅವು ಎತ್ತ ತೇಲುತ್ತವೆ ಅಂತ ನೋಡಿ ನೋಡಿ ಬರೆದಿಟ್ಟರು. ಚಳಿಗಾಲದಲ್ಲಿ ಬಲೂನುಗಳು ನಂಬಲಾರದ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದ್ದವು. 1926ರಲ್ಲಿ ವರದಿ ಅಚ್ಚಾಯಿತು. ಆದರೆ ಯಾವ ಭಾಷೆಯಲ್ಲಿ? ಎಸ್ಪೆರಾಂಟೋದಲ್ಲಿ, ಜಗತ್ತಿಗೆಲ್ಲ ಒಂದು ಸಾಮಾನ್ಯ ಭಾಷೆ ಇರಲಿ ಅಂತ ಕಟ್ಟಿದ ಭಾಷೆಯಲ್ಲಿ! ಇಡೀ ಜಗತ್ತು ಓದಲಿ ಎಂಬ ಆಸೆಯಿಂದ ಬರೆದರು, ಓದಿದವರು ಬೆರಳೆಣಿಕೆ. ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಈ ಸಂಕಟ ಅರ್ಥವಾದೀತು.

1944ರ ನವೆಂಬರಿನಲ್ಲಿ ಅಮೆರಿಕದ ಬಿ-29 ವಿಮಾನಗಳು ಟೋಕಿಯೋ ಮೇಲೆ ಬಾಂಬು ಹಾಕಲು ಬಂದಾಗ ಇದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಅದೇ ಚಳಿಗಾಲದಲ್ಲಿ ಜಪಾನ್ ಬಾಂಬು ಕಟ್ಟಿದ ಸುಮಾರು 9,000 ಕಾಗದದ ಬಲೂನುಗಳನ್ನು ಈ ಹೊಳೆಗೆ ಬಿಟ್ಟಿತು. ಶಾಂತಸಾಗರ ದಾಟಿ ಅಮೆರಿಕ ಮುಟ್ಟಲಿ ಅಂತ. ಕೆಲವು ಮುಟ್ಟಿದವು. 1945ರ ಮೇ 5ರಂದು ಒರೆಗಾನ್‌ನ ಕಾಡಿನಲ್ಲಿ ವನಭೋಜನಕ್ಕೆ ಹೋಗಿದ್ದ ಒಬ್ಬ ಗರ್ಭಿಣಿ, ಐದು ಮಕ್ಕಳು ಅಂಥ ಒಂದು ಬಲೂನಿನ ಬಾಂಬು ಸಿಡಿದು ಸತ್ತರು.

ಇವತ್ತು ಅದೇ ಗಾಳಿಯ ಬೆನ್ನೇರಿ ಅಮ್ಮಂದಿರು ಚಟ್ನಿಪುಡಿ ತಗೊಂಡು ಹೋಗ್ತಾರೆ.

---

ಹುಬ್ಬಳ್ಳಿ_ಮಂದಿ · ಜನವರಿ 19, ರಾತ್ರಿ 10.08

ಓದಿ ಮೈ ಜುಮ್ಮಂತು. ಮತ್ತ ಜುಲೈದಾಗ ವಾಪಸ್ ಬರ್ತಾರಲ್ಲ ಅವ್ವಾರು, ಆವಾಗೂ ಗಾಳಿ ಹಿಂಗ ಇರತೈತೇನ್ರಿ?

---

ಮುಗಿಲು_ನೋಡುವವ · ಜನವರಿ 19, ರಾತ್ರಿ 10.45

ಒಳ್ಳೆ ಪ್ರಶ್ನೆ. ಇರೋದಿಲ್ಲ. ಇಲ್ಲೇ ನಮ್ಮ ಮುಂಗಾರಿಗೂ ಈ ವಿಮಾನಕ್ಕೂ ನಂಟು.

ಚಳಿಗಾಲದಲ್ಲಿ ಪಶ್ಚಿಮದ ಈ ಗಾಳಿ ಟಿಬೆಟ್ ಪ್ರಸ್ಥಭೂಮಿಗೆ ಬಡಿದು ಎರಡು ಕವಲಾಗುತ್ತದೆ. ಒಂದು ಕವಲು ಹಿಮಾಲಯದ ದಕ್ಷಿಣಕ್ಕೆ, ಉತ್ತರ ಭಾರತದ ಮೇಲೆಯೇ ಹರಿಯುತ್ತದೆ. ಜಪಾನಿನ ಹತ್ತಿರ ಎರಡೂ ಕೂಡಿಕೊಂಡು ಭೋರ್ಗರೆಯುತ್ತವೆ. ಮೇ ಕಳೆದು ಜೂನ್ ಬರುವಾಗ ದಕ್ಷಿಣದ ಕವಲು ಜಾಗ ಖಾಲಿ ಮಾಡಿ ಟಿಬೆಟ್ಟಿನ ಉತ್ತರಕ್ಕೆ ಹೋಗುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಂಗಾರು ಭಾರತದ ಒಳಕ್ಕೆ ನುಗ್ಗುತ್ತದೆ.

ಮಳೆಗಾಲದಲ್ಲಿ ನಮ್ಮ ದಕ್ಷಿಣ ಭಾರತದ ಮೇಲೆ, ಇನ್ನೂ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಗಾಳಿ ಬೀಸುತ್ತದೆ. ಅದನ್ನು 1958ರಲ್ಲಿ ವಿವರಿಸಿ ಪ್ರಬಂಧ ಬರೆದವರು ನಮ್ಮ ಹವಾಮಾನ ಇಲಾಖೆಯ ಕೋಟೇಶ್ವರಂ. ಅದರ ಮುಖ್ಯ ಹರಿವು ವಿಮಾನಗಳಿಗಿಂತ ಮೇಲಿದ್ದರೂ ಅಂಚು ಒಂದಿಷ್ಟು ತಾಗುತ್ತದೆ. ಒಟ್ಟಿನಲ್ಲಿ ಜುಲೈನಲ್ಲಿ ವಾಪಸ್ ಬರುವವರಿಗೆ ಎದುರುಗಾಳಿಯ ಕಾಟ ಕಮ್ಮಿ. ಆದರೆ ಬಂಗಾಳ ಕೊಲ್ಲಿಯ ಮೇಲೆ ಮೋಡ ದಟ್ಟ ಇರುತ್ತದೆ, ಅಲ್ಲಿ ಕುಲುಕಾಟ ಗ್ಯಾರಂಟಿ. ಬೆಲ್ಟ್ ಬಿಚ್ಚದೆ ಕೂತಿರಲಿ.

ಇನ್ನೊಂದು ಮಾತು. ವಿಮಾನದ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ. ಏಪ್ರಿಲ್ ಬಂದಾಗ ಟಿಕೆಟ್ಟಿನ ಸಮಯ ಇನ್ನೊಮ್ಮೆ ನೋಡಿಕೊಳ್ಳಿ.

---

ಗೇಟ್_ನಂಬರ್_ಗೊತ್ತಿಲ್ಲ · ಜನವರಿ 20, ಬೆಳಿಗ್ಗೆ 8.20

ದುಡ್ಡು ಉಳಿಸೋಕೆ ಸಿಂಗಾಪುರದ ಮೇಲೆ ಹೋಗಬಹುದಲ್ಲ?

---

ಸೈತಾಮ_ಭಟ್ಟ · ಜನವರಿ 20, ಬೆಳಿಗ್ಗೆ 9.05

ನಾವು ನೀವು ಹೋಗಬಹುದು. ಬೆಂಗಳೂರಿನಿಂದ ಸಿಂಗಾಪುರಕ್ಕೆ ಸುಮಾರು 3,170 ಕಿ.ಮೀ., ಅಲ್ಲಿಂದ ಟೋಕಿಯೋಗೆ ಸುಮಾರು 5,350. ಒಟ್ಟು 8,500ರ ಮೇಲೆ. ದೆಹಲಿ ಮೇಲೆ ಹೋದರೆ 7,600. ದೆಹಲಿಯದು ಕಡಿಮೆ ಅಂತ ಖುಷಿಪಡಬೇಡಿ, ಅಲ್ಲಿ ಇಳಿದು, ಟರ್ಮಿನಲ್ ಹುಡುಕಿ, ಮತ್ತೆ ಸಾಲಿನಲ್ಲಿ ನಿಲ್ಲುವುದಕ್ಕೆ ಕಿಲೋಮೀಟರಿನ ಲೆಕ್ಕ ಇಲ್ಲ. ಮಂಡಿನೋವಿನ ಅಮ್ಮನಿಗೆ, ಅದೂ ಒಬ್ಬರೇ, ನೇರ ವಿಮಾನವೇ ಸರಿ. ಉಳಿಸಿದ ದುಡ್ಡು ಫಿಸಿಯೋಥೆರಪಿಗೆ ಹೋಗ್ತದೆ.

---

ವಾರ್ಡ್_ಅಕ್ಕ · ಜನವರಿ 20, ಮಧ್ಯಾಹ್ನ 3.33

ಗಂಡಸರೆಲ್ಲ ಗಾಳಿ ಅಳೆದಿದ್ದು ಸಾಕು, ಅಮ್ಮನ ಕಾಲಿನ ಕಡೆ ನೋಡಿ.

ವೀಲ್‌ಚೇರ್ ಬೇಕು ಅಂತ ಈಗಲೇ ಹೇಳಿಡಿ, ಅಲ್ಲಿ ಹೋಗಿ ಕೇಳ್ತೀನಿ ಅನ್ನಬೇಡಿ. ನಡೆಯೋಕೆ ಆಗುತ್ತೆ ಅಂದರೂ ತಗೊಳ್ಳಲಿ. ಎರಡೂ ಕಡೆ ಇಮಿಗ್ರೇಷನ್ ಸಾಲಿನಲ್ಲಿ ಜೊತೆಗೊಬ್ಬರು ಇರ್ತಾರೆ, ಭಾಷೆ ಬಾರದವರಿಗೆ ಅದೇ ದೊಡ್ಡ ಧೈರ್ಯ. ಸೀಟು ನಡುದಾರಿ ಪಕ್ಕದ್ದೇ ಇರಲಿ, ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಬಾತ್‌ರೂಮಿಗೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯದೇ ಕೂರೋ ಅಭ್ಯಾಸ ನಮ್ಮ ಅಮ್ಮಂದಿರಿಗೆಲ್ಲ ಇದೆ, ಗದರಿಸಿ ಹೇಳಿ. ಬಿಪಿ ಮಾತ್ರೆ ಕೈಚೀಲದಲ್ಲಿ, ಡಾಕ್ಟರ ಚೀಟಿ ಜೊತೆಗೆ. ಊಟಕ್ಕೆ ಎವಿಎಂಎಲ್ ಅಂತ ಮೊದಲೇ ಹಾಕಿಸಿದರೆ ನಮ್ಮ ಕಡೆಯ ಸಸ್ಯಾಹಾರ ಸಿಗುತ್ತೆ.

ನಿಜವಾದ ಕಷ್ಟ ಎಂಟು ಗಂಟೆಯದ್ದಲ್ಲ. ಹೋಗುವ ರಾತ್ರಿ ನಿದ್ದೆ ಇಲ್ಲ, ಬೆಳಗಿನ ಜಾವ ಎರಡಕ್ಕೆ ವಿಮಾನ, ಮೈಸೂರಿನಿಂದ ಹೊರಡೋದು ಹಿಂದಿನ ಸಂಜೆಗೇ. ಬರುವಾಗ ಇಳಿಯೋದು ನಮ್ಮ ರಾತ್ರಿ 12.40, ಅವರ ಮೈಗೆ ಆಗ ಬೆಳಗಿನ ಜಾವ 4.10. ಅವತ್ತೇ ಬಸ್ಸು ಹತ್ತಿಸಬೇಡಿ.

---

ಸೈತಾಮ_ಭಟ್ಟ · ಜನವರಿ 20, ಸಂಜೆ 5.10

ಅಕ್ಕ ಹೇಳಿದ್ದಕ್ಕೆ ಇನ್ನೆರಡು. ಜಪಾನಿಗೆ ಬರುವವರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಜಾಲತಾಣ ವಿಸಿಟ್ ಜಪಾನ್ ವೆಬ್‌ನಲ್ಲಿ ಮಗಳೇ ಕೂತು ಅಮ್ಮನ ವಿವರ ತುಂಬಿ, ಕ್ಯೂಆರ್ ಕೋಡನ್ನು ಅಮ್ಮನಿಗೆ ಕಳಿಸಿ. ಮತ್ತೆ ಕರಿಬೇವು, ವೀಳ್ಯದೆಲೆ, ಮಾವಿನಕಾಯಿ ಯಾವುದೂ ಬೇಡ. ಹಸಿ ಸೊಪ್ಪು ಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳ್ತಾರೆ. ನನ್ನ ಅತ್ತೆ ಸೀರೆ ಮಡಿಕೆಯಲ್ಲಿ ಕರಿಬೇವು ಇಟ್ಟು ತಂದಿದ್ದರು. ಏರ್‌ಪೋರ್ಟಿನಲ್ಲಿ ವಾಸನೆ ಹಿಡಿದು ತಪಾಸಣೆ ಮಾಡುವ ಬೀಗಲ್ ನಾಯಿ ಬಂದು ಸೂಟ್‌ಕೇಸಿನ ಪಕ್ಕ ಶಾಂತವಾಗಿ ಕೂತುಬಿಟ್ಟಿತು. ಅತ್ತೆ ಅದರ ತಲೆ ಸವರಿ "ಎಷ್ಟು ಸಾಧು ನಾಯಿ" ಅಂದರಂತೆ!

---

ನಿಶಿಕಸಾಯಿ_ಮೈಸೂರು · ಜನವರಿ 20, ರಾತ್ರಿ 9.00

ಮೇಷ್ಟ್ರ ಲೆಕ್ಕ ಓದಿ ಹೇಳಿದೆ. ಅಮ್ಮ "ಎಂಟು ಗಂಟೆ ಅಂದ್ರೆ ಮೈಸೂರು–ಹುಬ್ಬಳ್ಳಿ ರೈಲು, ಅಷ್ಟೇ ತಾನೇ" ಅಂದರು. ಒಪ್ಪಿದ್ದಾರೆ! ಅಣ್ಣ ಇನ್ನೂ ಒಪ್ಪಿಲ್ಲ.

---

ನಿಶಿಕಸಾಯಿ_ಮೈಸೂರು · ಜುಲೈ 6, ರಾತ್ರಿ 10.25

ಹಳೇ ಚರ್ಚೆ ಮೇಲೆತ್ತಿದ್ದಕ್ಕೆ ಕ್ಷಮಿಸಿ. ಲೆಕ್ಕ ಒಪ್ಪಿಸಬೇಕಿತ್ತು.

ಅಮ್ಮ ಬಂದು, 90 ದಿನದ ವೀಸಾ ಮುಗಿಯೋ ಮುಂಚೆ ಮೊನ್ನೆ ವಾಪಸ್ ಮೈಸೂರು ಸೇರಿದರು. ಬರುವಾಗಲೂ ಹೋಗುವಾಗಲೂ ಚಕ್ರ ನೆಲ ಬಿಟ್ಟ ಹೊತ್ತು, ಮುಟ್ಟಿದ ಹೊತ್ತು ಬರ್ಕೋ ಅಂತ ಹೇಳಿದ್ದೆ. ಬೋರ್ಡಿಂಗ್ ಪಾಸ್ ಹಿಂದೆ ಪೆನ್ನಲ್ಲಿ ಬರೆದಿಟ್ಟಿದ್ದಾರೆ. ಏಪ್ರಿಲ್‌ನಲ್ಲಿ ಇಲ್ಲಿಗೆ: 7 ಗಂಟೆ 31 ನಿಮಿಷ. ಜುಲೈನಲ್ಲಿ ಅಲ್ಲಿಗೆ: 8 ಗಂಟೆ 44 ನಿಮಿಷ. ಮುಗಿಲು ಸರ್, ಕೊಲ್ಲಿಯ ಮೇಲೆ ಕುಲುಕಾಟವೂ ನೀವು ಹೇಳಿದ ಹಾಗೇ ಆಯ್ತಂತೆ, ವಿಷ್ಣು ಸಹಸ್ರನಾಮ ಅರ್ಧ ಮುಗಿಸಿದರಂತೆ.

ಅಮ್ಮನ ಕೈಯಲ್ಲಿ ಮದುವೆಗೆ ಕೊಟ್ಟ ಎಚ್‌ಎಂಟಿ ವಾಚು. ಮೂರು ತಿಂಗಳೂ ಅದನ್ನು ಮೈಸೂರಿನ ಸಮಯದಲ್ಲೇ ಇಟ್ಟುಕೊಂಡಿದ್ದರು. ದಿನಾ ಬೆಳಿಗ್ಗೆ ಕೀ ಕೊಟ್ಟು, "ಈಗ ಅಲ್ಲಿ ಹಾಲಿನವನು ಬರೋ ಹೊತ್ತು" ಅಂತ ಹೇಳಿ, ಆಮೇಲೆ ಬೆರಳಲ್ಲಿ ಮೂರೂವರೆ ಕೂಡಿಸಿ ನನ್ನ ಮಗನನ್ನು ಸ್ಕೂಲಿಗೆ ಎಬ್ಬಿಸೋರು. ಒಂದು ದಿನವೂ ತಪ್ಪಲಿಲ್ಲ.

---

ಲೆಕ್ಕದ_ಮೇಷ್ಟ್ರು · ಜುಲೈ 6, ರಾತ್ರಿ 10.40

ಆ ವಾಚಿಗೂ ಟೋಕಿಯೋ ತವರುಮನೆಯ ಹಾಗೆ, ತಂಗೀ. ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ. ಅಣ್ಣ ಏನಂದರು?

---

ನಿಶಿಕಸಾಯಿ_ಮೈಸೂರು · ಜುಲೈ 6, ರಾತ್ರಿ 11.02

ಬೋರ್ಡಿಂಗ್ ಪಾಸ್ ನೋಡಿ, "ಪೈಲಟ್ ನಿಧಾನಕ್ಕೆ ಓಡಿಸಿರ್ತಾನೆ" ಅಂದ. ಅಮ್ಮನಿಗೆ ವಿಮಾನದ ಮೇಲೆ ದೂರೇ ಇಲ್ಲ. ಬೆಂಗಳೂರಲ್ಲಿ ಒಂದು ದಿನ ಚಿಕ್ಕಮ್ಮನ ಮನೆಯಲ್ಲಿ ಮಲಗೆದ್ದು ಮೈಸೂರಿಗೆ ಫ್ಲೈಬಸ್ (ಏರ್‌ಪೋರ್ಟ್ ಬಸ್ಸು) ಹತ್ತಿದ್ದಾರೆ. 185 ಕಿ.ಮೀ.ಗೆ ನಾಲ್ಕೂಮುಕ್ಕಾಲು ಗಂಟೆ. "ಇದಕ್ಕೆ ಯಾವ ಗಾಳಿ ಅಡ್ಡ ಬಂತು, ಆ ಮೇಷ್ಟ್ರನ್ನ ಕೇಳು" ಅಂದಿದ್ದಾರೆ.